ಕೆರೆಯಂಗಳದಲ್ಲಿ ಇಟ್ಟ ಮೊಟ್ಟೆ

ಬೈರಗೆರೆಯ ಪಾಪಕ್ಕನಿಗೆ ಈಜು ಬರುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ದೊಡ್ಡಬಳ್ಳಾಪುರದ ಆಚೆಗಿನ ಊರುಗಳಲ್ಲಿ ಆ ಕಾಲಕ್ಕೆ ಈಜು ಬಲ್ಲ ಹೆಂಗಸು ಎಂದರೆ ಜನ ಬೆರಗಾಗುವುದಕ್ಕಿಂತ ಹೆಚ್ಚಾಗಿ ಮೂಗು ಮುರಿಯುತ್ತಿದ್ದರು. ಅವಳು ಹುಟ್ಟಿದ್ದು ಹೊಸಕೋಟೆ ಕಡೆಯ ಒಂದು ಒಣ ಊರಿನಲ್ಲಿ. ಮದುವೆಯಾಗುವ ತನಕ ಬಾವಿಯಲ್ಲಿ, ಮಡಕೆಯಲ್ಲಿ ಬಿಟ್ಟರೆ ನೀರು ಕಂಡವಳಲ್ಲ. ಅಂಥವಳಿಗೆ ಈಜು ಕಲಿಸಿದವನು ಗಂಡ ಜವರಪ್ಪ.

ಜವರಪ್ಪ ಊರ ಕೆರೆಯ ನೀರುಗಂಟಿ. ತೂಬು ಎತ್ತಿ ಇಳಿಸುವುದು, ಕಾಲುವೆಯ ನೀರನ್ನು ಗದ್ದೆಯಿಂದ ಗದ್ದೆಗೆ ಸರದಿಯ ಮೇಲೆ ತಿರುಗಿಸುವುದು, ಏರಿಯಲ್ಲಿ ಏಡಿ ತೋಡಿದ ಬಿಲಗಳನ್ನು ಮುಚ್ಚುವುದು ಅವನ ಮನೆತನದ ಕೆಲಸ. ಅದಕ್ಕೆ ಪ್ರತಿಯಾಗಿ ತೂಬಿನ ಕೆಳಗೇ ಒಂದು ತುಂಡು ಗದ್ದೆ, ಸುಗ್ಗಿಯಲ್ಲಿ ಕಣಕ್ಕೊಂದು ಮೊರ ಭತ್ತ. ತೂಬು ಎಂದರೆ ಏರಿಯ ಒಳಮಗ್ಗುಲಲ್ಲಿ ನೆಟ್ಟ ಎರಡು ಕಲ್ಲುಕಂಬ, ಅವುಗಳ ನಡುವೆ ಮರದ ದಪ್ಪ ಗೂಟ. ಗೂಟ ಎತ್ತಿದರೆ ನೀರು ಏರಿಯ ಕೆಳಗಿನ ಕಂಡಿಯಿಂದ ಕಾಲುವೆಗೆ ಬೀಳುತ್ತದೆ. ಎತ್ತುವುದು ಅಂಥ ಕಷ್ಟವಲ್ಲ. ತುಂಬಿದ ಕೆರೆಯಲ್ಲಿ ಅದನ್ನು ಮತ್ತೆ ಬಾಯಿಗೆ ಕೂರಿಸಬೇಕಾದರೆ ಮಾತ್ರ ಉಸಿರು ಕಟ್ಟಿ ಮುಳುಗಬೇಕು. ಮದುವೆಯಾದ ಹೊಸದರಲ್ಲಿ ಜವರಪ್ಪ ಕಾಲು ಉಳುಕಿಸಿಕೊಂಡು ಮಲಗಿದ್ದಾಗ ನೀರು ಪೋಲಾಗಿ ಊರೆಲ್ಲ ಬೈದಿತ್ತು. ಆ ಬೈಗುಳ ಅವನಿಗೆ ತಾಗಿತು. ಕಾಲು ವಾಸಿಯಾದ ಮೇಲೆ ಅವನು ಮಾಡಿದ ಮೊದಲ ಕೆಲಸ ಹೆಂಡತಿಯನ್ನು ಕರೆದುಕೊಂಡು ಹೋಗಿ ಕೆರೆಗೆ ದಬ್ಬಿದ್ದು.

ನೀರು ಕಲಿತ ಮೇಲೆ ಪಾಪಕ್ಕ ಹಕ್ಕಿಗಳನ್ನು ಕಲಿತಳು. ಕೆರೆ ಕಾಯುವವರಿಗೆ ಬೇರೆ ಜೊತೆಯೂ ಇರುವುದಿಲ್ಲ. ನೀರುಕಾಗೆ ತೂಬಿನ ಕಂಬದ ಮೇಲೆ ಕೂತು ರೆಕ್ಕೆ ಬಿಚ್ಚಿ ಒಣಗಿಸುತ್ತಿದ್ದರೆ ಮೀನು ಎಲ್ಲಿವೆಯೆಂದು ಅವಳಿಗೆ ಅಂದಾಜು ಸಿಗುತ್ತಿತ್ತು. ಕುಂಡೆಕುಸ್ಕ ಬಾಲ ಕುಣಿಸುತ್ತ ಏರಿಯ ಮೇಲೆ ಓಡಾಡತೊಡಗಿದರೆ ಕಂಬಳಿ ಬಿಸಿಲಿಗೆ ಹಾಕುವ ಕಾಲ ಬಂತು ಎಂದು ಅರ್ಥ. ಕುರುಡು ಕೊಕ್ಕರೆ ಕೂತಾಗ ಕೆಸರಿನ ಬಣ್ಣ, ಎದ್ದರೆ ಬಿಳಿ. ಅದರ ಈ ಕಪಟ ಕಂಡು ಅವಳಿಗೆ ಪ್ರತಿಸಲವೂ ನಗು ಬರುತ್ತಿತ್ತು. ಕಾಜಾಣ ಎಮ್ಮೆಯ ಬೆನ್ನೇರಿ ಸವಾರಿ ಮಾಡುತ್ತಿತ್ತು. ಹದ್ದು ಬಂದರೆ ಅದೇ ಕಾಜಾಣ, ತನ್ನ ಹತ್ತರಷ್ಟು ದೊಡ್ಡದನ್ನು ಅಟ್ಟಿಸಿಕೊಂಡು ಹೋಗಿ ಬೆನ್ನು ಕುಕ್ಕಿ ಬರುತ್ತಿತ್ತು. ಗಂಡನಿಗಿಂತ ಹೆಂಡತಿಗೇ ಹಕ್ಕಿಯ ಹುಚ್ಚು ಜಾಸ್ತಿ ಎಂದು ಊರು ನಗುತ್ತಿತ್ತು. ಇರಲಿ, ಊರು ಯಾವುದಕ್ಕೆ ನಗುವುದಿಲ್ಲ?

ಆದರೆ ನೀರುಗಂಟಿಯ ಕೆಲಸಕ್ಕೆ ಬೇಕಾದ ಹಕ್ಕಿ ಒಂದೇ. ಅದು ತೇನೆ ಹಕ್ಕಿ, ಪುಸ್ತಕ ಓದಿದವರ ಟಿಟ್ಟಿಭ. ಉದ್ದನೆಯ ಹಳದಿ ಕಾಲು, ಕಪ್ಪು ತಲೆ, ಕಣ್ಣಿನ ಮುಂದೆ ಕೆಂಪು ತೊಗಲಿನ ಅಂಚು. ಆಕಾಶ ಕಳಚಿ ಬಿದ್ದೀತೆಂದು ಕಾಲು ಮೇಲೆ ಮಾಡಿ ಮಲಗುತ್ತದೆ ಎಂದು ಅದನ್ನು ಆಡಿಕೊಳ್ಳುವುದುಂಟು. ಹಾಗೆ ಮಲಗಿದ್ದನ್ನು ಕಂಡವರು ಯಾರೂ ಇಲ್ಲ. ಅದು ಮರದಲ್ಲಿ ಗೂಡು ಕಟ್ಟುವುದಿಲ್ಲ. ಬರಿನೆಲದಲ್ಲಿ ಅಂಗೈಯಷ್ಟು ಕೆರೆದು, ಸುತ್ತ ನಾಲ್ಕು ಹರಳು, ಆಡಿನ ಹಿಕ್ಕೆ ಜೋಡಿಸಿ, ಮಣ್ಣಿನದೇ ಬಣ್ಣದ ಮೊಟ್ಟೆ ಇಡುತ್ತದೆ. ಬೈರಗೆರೆಯಲ್ಲಿ ಒಂದು ಕಟ್ಟಳೆ ಇತ್ತು. ಬೇಸಿಗೆಯ ಕೊನೆಗೆ ಕೃತ್ತಿಕೆ ಮಳೆ ಹುಟ್ಟುವ ದಿನ ಊರು ಏರಿಯ ಮೇಲಿನ ಗಂಗಮ್ಮನ ಕಲ್ಲಿನ ಬಳಿ ಸೇರುತ್ತದೆ. ಅಲ್ಲಿನ ಕಟ್ಟೆಯ ಮೇಲೆ ಪಟೇಲನ ಪಕ್ಕದಲ್ಲಿ ನೀರುಗಂಟಿಯನ್ನು ಕೂರಿಸಿ, ಎಲೆಅಡಿಕೆ ಕೊಟ್ಟು, ತೇನೆ ಹಕ್ಕಿ ಎಲ್ಲಿ ಮೊಟ್ಟೆ ಇಟ್ಟಿದೆ ಎಂದು ಕೇಳುತ್ತಾರೆ. ಏರಿಯ ಮೇಲಿಟ್ಟಿದ್ದರೆ ಕೆರೆ ತುಂಬುತ್ತದೆ, ಅಲ್ಲಿಯ ತನಕ ಕೆರೆಯ ಒಣ ಅಂಗಳ ದನಗಳಿಗೆ ಬಿಟ್ಟದ್ದು. ಅಂಗಳದಲ್ಲೇ ಇಟ್ಟಿದ್ದರೆ ಆ ವರ್ಷ ಕೆರೆ ತುಂಬುವುದಿಲ್ಲ. ಪಾಲು ಹಾಕಿಕೊಂಡು ಅಲ್ಲಿ ರಾಗಿ ಬಿತ್ತಬಹುದು. ಇದಕ್ಕೆ ಹಕ್ಕಿ ಮಾತು ಎಂದು ಹೆಸರು. ವರ್ಷವಿಡೀ ಚಳಿಯಲ್ಲಿ ಮುಳುಗಿ ಏಳುವ ನೀರುಗಂಟಿಗೆ ಊರು ಮರ್ಯಾದೆ ಮಾಡುತ್ತಿದ್ದುದು ಅದೊಂದೇ ದಿನ.

ಗೂಡು ಹುಡುಕುವ ಬಗೆಯನ್ನು ಜವರಪ್ಪ ಹೆಂಡತಿಗೆ ಒಮ್ಮೆ ಹೇಳಿಕೊಟ್ಟಿದ್ದ.

"ಅದು ಎಲ್ಲಿ ಬಡ್ಕೊಳ್ತದೋ ಅಲ್ಲಿ ಹುಡುಕ್ಬೇಡ. ಮೊಟ್ಟೆಯಿಂದ ದೂರ ಓಡಿಬಂದು, ಇಲ್ಲೇ ಇದೆ ನೋಡು ಅನ್ನೋ ಹಂಗೆ ಕಿರುಚ್ತದೆ. ಸುಮ್ನೆ ದೂರ ಕೂತ್ಕೋ. ಸುಡು ಬಿಸಿಲಲ್ಲಿ ಯಾವುದು ಗುಂಡಿ ನೀರಲ್ಲಿ ಹೊಟ್ಟೆ ನೆನೆಸ್ಕೊಂಡು ನಡ್ಕೊಂಡು ಬರ್ತದೋ, ಅದರ ಮೇಲೆ ಕಣ್ಣಿಡು. ಮೊಟ್ಟೆ ತಣ್ಣಗೆ ಮಾಡೋಕೆ ಹೋಗ್ತಾ ಇರ್ತದೆ."

ಇಂಥ ಜವರಪ್ಪ ಸಾವಿರದ ಒಂಬೈನೂರ ನಲವತ್ತಮೂರರ ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಚಳಿಜ್ವರದಲ್ಲಿ ತೀರಿಕೊಂಡ. ಗಂಡುಮಕ್ಕಳಿರಲಿಲ್ಲ. ಒಬ್ಬಳೇ ಮಗಳನ್ನು ದೇವನಹಳ್ಳಿ ಹತ್ತಿರದ ನಲ್ಲೂರಿಗೆ ಕೊಟ್ಟಿತ್ತು. ತಿಥಿ ಮುಗಿಯುವುದನ್ನೇ ಕಾಯುತ್ತಿದ್ದವನು ಪಿಳ್ಳಪ್ಪ, ಜವರಪ್ಪನ ಚಿಕ್ಕಪ್ಪನ ಮಗ. ಊರು ಸೇರಿಸಿ ಕೇಳಿದ.

"ಹೆಂಗ್ಸು ಗಂಟಿ ಆಗೋದು ಎಲ್ಲಾದ್ರೂ ಉಂಟಾ? ಮನೆತನದ ಕೆಲ್ಸ, ಮುಂದಕ್ಕೆ ನಂಗೆ ಬರ್ಬೇಕು. ಅತ್ತಿಗೆ ಬೇಕಾದ್ರೆ ಮಗಳ ಮನೆಗೆ ಹೋಗ್ಲಿ."

ಮಗಳ ಮನೆ ಎಂದರೆ ಅಳಿಯನ ಮನೆ. ಅಳಿಯ ಒಳ್ಳೆಯವನೇ, ಅವನ ತಾಯಿ ಅಲ್ಲ. ಆ ಹುಣಸೆ ತೋಪಿನ ಊರಿನಲ್ಲಿ ಬೀಗಿತಿಯ ಕೈಯಿಂದ ತುತ್ತು ಅನ್ನ ಉಣ್ಣುವುದನ್ನು ನೆನೆದರೆ ಪಾಪಕ್ಕನಿಗೆ ಉಪವಾಸವೇ ವಾಸಿ ಅನ್ನಿಸುತ್ತಿತ್ತು. ಅವಳು ಸೆರಗು ಬಿಗಿದುಕೊಂಡು ನಿಂತು ಒಂದೇ ಮಾತು ಹೇಳಿದಳು.

"ಇಷ್ಟು ವರ್ಷ ಅವರ ಜೊತೆ ನೀರಿಗೆ ಇಳ್ದಿದ್ದು ನಾನು. ನಂಗೆ ಬರದೇ ಇರೋದು ಏನಿದ್ರೂ ಹೇಳಿ."

ಪಟೇಲ ಅಪ್ಪಯ್ಯಣ್ಣ ಯಾವತ್ತೂ ಎರಡೂ ಕಡೆಗೆ ಬೇಸರವಾಗದ ಹಾಗೆ ತೀರ್ಪು ಕೊಡುವ ಮನುಷ್ಯ. ಕೊನೆಗೆ ಎರಡೂ ಕಡೆಯವರಿಗೆ ಬೇಸರವಾಗುತ್ತಿತ್ತು. ಅವನೆಂದ: "ನೀರಿನ ವಿಚಾರ ಬಿಡಿ, ಅದು ಅವಳಿಗೆ ಬರ್ತದೆ. ಗಂಟಿ ಅಂದ್ಮೇಲೆ ಹಕ್ಕಿ ಮಾತು ಹೇಳ್ಬೇಕು. ಒಂದು ವರ್ಷ ನೋಡೋಣ. ಅವಳು ಹೇಳಿದ ಮಾತು ನಿಂತ್ರೆ ಗಂಟಿತನ, ಗದ್ದೆ ಎಲ್ಲಾ ಅವಳಿಗೆ. ತಪ್ಪಿದ್ರೆ ಪಿಳ್ಳಪ್ಪನಿಗೆ."

ಹೀಗೆ ಪಾಪಕ್ಕನ ಅನ್ನ ಒಂದು ಹಕ್ಕಿಯ ಮೊಟ್ಟೆಯ ಮೇಲೆ ನಿಂತಿತು.

ಆ ವರ್ಷ ಕೆರೆ ಬೇಗ ಒಣಗಿತು. ಚೈತ್ರದಲ್ಲಿ ಊರೆಲ್ಲ ಸೇರಿ ಹೂಳು ತೆಗೆಯುವ ಕೆಲಸ ನಡೆಯಿತು. ಮನೆಗಿಷ್ಟು ಬುಟ್ಟಿ ಎಂದು ಗೋಡುಮಣ್ಣು ಹೊತ್ತು, ಏರಿ ತಗ್ಗಾದ ಕಡೆ ಸುರಿಯುವುದು ಹಿಂದಿನಿಂದ ಬಂದ ಪದ್ಧತಿ. ಪಾಪಕ್ಕ ಆ ದಿನಗಳಲ್ಲೆಲ್ಲ ತೂಬಿನ ಗುಂಡಿಯಲ್ಲಿ ಸೊಂಟದ ತನಕ ಇಳಿದು ಕೆಸರು ಬಳಿಯುತ್ತಿದ್ದಳು. ಏರಿಯ ಆ ತುದಿಯಲ್ಲಿ, ಹೆಚ್ಚಾದ ನೀರು ಹರಿದುಹೋಗುವ ಕೋಡಿಯ ಬಳಿ, ತೇನೆ ಹಕ್ಕಿಗಳು ಕಿರುಚುವುದು ಅವಳ ಕಿವಿಗೂ ಬಿದ್ದಿತ್ತು. ಅಷ್ಟು ಜನ ಓಡಾಡುವಾಗ ಅವು ಕಿರುಚದೆ ಏನು ಮಾಡುತ್ತವೆ ಎಂದುಕೊಂಡು ಗುದ್ದಲಿ ಬೀಸಿದಳು.

ವೈಶಾಖದ ಬಿಸಿಲು ಏರಿದ ಮೇಲೆ ಗೂಡು ಹುಡುಕಲು ಹೊರಟಳು. ಹಕ್ಕಿಗಳು ಕಂಡ ಕೂಡಲೇ ಬಾಯಿ ಮಾಡಿದವು. ಒಂದು ತಲೆಯ ಮೇಲೆ ಗಿರಕಿ ಹೊಡೆಯಿತು, ಇನ್ನೊಂದು ಜಾಲಿ ಗಿಡದ ಕಡೆಗೆ ಓಡಿ ಅಲ್ಲಿ ರೆಕ್ಕೆ ಬಡಿಯಿತು. ಪಾಪಕ್ಕ ಜಾಲಿಯ ಕಡೆ ತಿರುಗಿಯೂ ನೋಡಲಿಲ್ಲ. ಏರಿಯ ಮೇಲಿನ ಹೊಂಗೆಯ ನೆರಳಿನಲ್ಲಿ ಕೂತಳು. ಕೂತು ಕೂತು ತೂಕಡಿಕೆ ಬರುವ ಹೊತ್ತಿಗೆ, ಕೆರೆಯ ನಡುವೆ ಉಳಿದಿದ್ದ ಗುಂಡಿಯಲ್ಲಿ ಒಂದು ಹಕ್ಕಿ ಹೊಟ್ಟೆ ಅದ್ದಿ ಎದ್ದಿತು. ತೊಟ್ಟಿಕ್ಕುವ ಹೊಟ್ಟೆಯಲ್ಲೇ ಬಿರುಕುಬಿಟ್ಟ ಅಂಗಳದ ಮೇಲೆ ಪುಟಪುಟನೆ ನಡೆದು ಒಂದು ಕಡೆ ನಿಂತಿತು. ಅಲ್ಲಿದ್ದ ಇನ್ನೊಂದು ಎದ್ದು ಜಾಗ ಬಿಟ್ಟಿತು, ಇದು ಕೂತಿತು. ಪಾಪಕ್ಕನಿಗೆ ಖುಷಿಯಾಯಿತು. ಹತ್ತಿರ ಹೋಗಿ ನೋಡಿದಳು. ಚೂಪು ತುದಿ ಒಳಕ್ಕೆ ಮಾಡಿ ಇಟ್ಟ ನಾಲ್ಕು ಮೊಟ್ಟೆ, ಕೆರೆಯ ಅಂಗಳದ ನಟ್ಟನಡುವೆ.

ಕೃತ್ತಿಕೆ ಹುಟ್ಟಿದ ದಿನ ಅವಳು ಜವರಪ್ಪ ಕೂರುತ್ತಿದ್ದ ಕಡೆಯೇ ಕೂತಳು. ಕಟ್ಟೆಯ ಕಲ್ಲು ಬಿಸಿಲಿಗೆ ಕಾದಿತ್ತು. ಎಲೆಅಡಿಕೆ ಕೊಟ್ಟರು. ಪಟೇಲ ಹಕ್ಕಿ ಮಾತು ಕೇಳಿದ.

"ಅಂಗಳದಲ್ಲಿ ಇಟ್ಟದೆ," ಎಂದಳು.

ಪಿಳ್ಳಪ್ಪನೇ ಹೋಗಿ ನೋಡಿ ಬಂದ. ಸುಳ್ಳಾಗಿರಲಿಲ್ಲ. ಊರಿಗೂ ಆ ಮಾತೇ ಬೇಕಾಗಿತ್ತು. ಯುದ್ಧದ ಕಾಲ, ಕಾಳಿಗೆ ರೇಷನ್ನು, ಇದ್ದಿಲ ಹೊಗೆಯಲ್ಲಿ ಕೆಮ್ಮುತ್ತ ಓಡುವ ಬಸ್ಸುಗಳು, ಒಂದು ಅಂಗುಲ ನೆಲವನ್ನೂ ಬೀಳುಬಿಡಬೇಡಿ ಎಂದು ಅಮಲ್ದಾರರ ಡಂಗುರ. ರೋಹಿಣಿಯಲ್ಲಿ ನಾಲ್ಕು ಹನಿ ಬಿದ್ದದ್ದೇ ತಡ, ಅಂಗಳ ಪಾಲಾಗಿ, ಉತ್ತು, ಮೂರು ತಿಂಗಳಿಗೆ ಕೈಗೆ ಬರುವ ಕಾರು ರಾಗಿ ಬಿತ್ತಾಯಿತು. ದೊಡ್ಡ ಪಾಲು ಪಟೇಲ ಅಪ್ಪಯ್ಯಣ್ಣನದು. ಹಕ್ಕಿ ಮಾತು ಹೇಳುವವರಿಗೆ ಅಂಗಳದಲ್ಲಿ ಪಾಲಿಲ್ಲ. ಹೇಳುವವರಿಗೆ ಆಸೆ ಇರಬಾರದು ಎಂದು ಹಿರಿಯರು ಮಾಡಿದ್ದ ಕಟ್ಟು ಅದು. ಉಳುವವರು ಗೂಡಿನ ಸುತ್ತ ಒಂದು ಮಾರು ನೆಲ ಬಿಟ್ಟೇ ಉತ್ತರು, ಅಷ್ಟು ಭಯಭಕ್ತಿ ಇತ್ತು. ಮರಿಗಳು ಹೊರಬಂದ ದಿನವೇ ಎದ್ದು ಓಡಾಡಿದವು. ತಾಯಿ ಒಂದು ಸದ್ದು ಮಾಡಿದರೆ ನೆಲಕ್ಕೆ ಒತ್ತಿಕೊಂಡು ಮಣ್ಣಾಗಿಬಿಡುತ್ತಿದ್ದವು. ಮೃಗಶಿರ ಮುಗಿಯುವ ಹೊತ್ತಿಗೆ ಇಡೀ ಸಂಸಾರ ಕೆರೆ ಬಿಟ್ಟು ಮೇಲಿನ ಹೊಲಗಳ ಕಡೆಗೆ ಹೊರಟುಹೋಯಿತು.

ಆರಿದ್ರದಲ್ಲಿ ಒಂದು ಬೆಳಗ್ಗೆ ಪಾಪಕ್ಕನೂ ನೆರೆಮನೆಯ ಮುತ್ಯಾಲಮ್ಮನೂ ಏರಿಯ ಹಿಂದೆ ಹುಲ್ಲು ಕೊಯ್ಯುತ್ತಿದ್ದರು. ಮುತ್ಯಾಲಮ್ಮ ವಿಧವೆ, ಅಂಗಳದಲ್ಲಿ ಪಾಲು ಸಿಗುವಷ್ಟು ದೊಡ್ಡ ಕುಳವಲ್ಲ, ಕಾಲುವೆಯ ಕೊನೆಯಲ್ಲಿ ಎರಡು ಮಡಿ ಗದ್ದೆ ಇತ್ತು ಅಷ್ಟೆ. ಮಾತಿನ ನಡುವೆ ಅವಳು ಸುಮ್ಮನೆ ಅಂದಳು.

"ಆ ಹಕ್ಕಿ ಶಾಪ ನಂಗೆ ತಟ್ಟದೆ ಇದ್ರೆ ಸಾಕು ಕಣೆ ಪಾಪಕ್ಕ. ಹೂಳು ಹೊರೋವಾಗ ಕೋಡಿ ಹತ್ರ ಬುಟ್ಟಿ ಸುರಿಯೋಕೆ ಹೋದ್ರೆ ಎರಡೂ ತಲೆ ಮೇಲೇ ಬಿದ್ದು ಬಡ್ಕೊಂಡ್ವು. ನಾನು ಸುರಿದೇಬಿಟ್ಟೆ. ಆಮೇಲೆ ನೋಡಿದ್ರೆ ಮಣ್ಣಲ್ಲಿ ಲೋಳೆ, ಚಿಪ್ಪು."

ಪಾಪಕ್ಕನ ಕುಡುಗೋಲು ನಿಂತಿತು. "ಎಲ್ಲಿ? ಏರಿ ಮೇಲಾ?"

"ಏರಿ ಮೇಲೇ. ಯಾಕೆ?"

ಹಕ್ಕಿ ಮೊದಲು ಇಟ್ಟದ್ದು ಏರಿಯ ಮೇಲೆ. ಊರೇ ಅದರ ಮೇಲೆ ಬುಟ್ಟಿಗಟ್ಟಲೆ ಮಣ್ಣು ಸುರಿದು ಓಡಿಸಿತ್ತು. ಓಡಿಸಿಕೊಂಡದ್ದು ಬೇರೆ ದಾರಿಯಿಲ್ಲದೆ ಅಂಗಳಕ್ಕಿಳಿದು ಮತ್ತೆ ಇಟ್ಟಿತ್ತು. ಅದನ್ನೇ ಅವಳು ಕಟ್ಟೆಯ ಮೇಲೆ ಕೂತು ಶಕುನ ಎಂದು ಹೇಳಿದ್ದಳು, ಊರು ನಂಬಿ ಬಿತ್ತಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗಾಯಿತು.

ಹುಲ್ಲಿನ ಹೊರೆಯನ್ನು ಅಲ್ಲೇ ಬಿಟ್ಟು ಪಟೇಲನ ಮನೆಗೆ ಹೋದಳು. ಅಪ್ಪಯ್ಯಣ್ಣ ಜಗಲಿಯಲ್ಲಿ ಕೂತು ಎಲ್ಲವನ್ನೂ ಕೇಳಿದ. ಕೇಳಿ, ಬೀದಿಯ ಆಚೆ ಈಚೆ ನೋಡಿ, ದನಿ ತಗ್ಗಿಸಿದ.

"ಬಿತ್ತಿದ್ದಾಯ್ತು, ಮೊಳೆತಿದ್ದೂ ಆಯ್ತು. ಈಗ ಕೀಳಿ ಅನ್ನೋಕೆ ಆಗ್ತದಾ? ಈ ಮಾತು ಹೊರಗೆ ಹೋದ್ರೆ ನಂದೂ ನಗೆಪಾಟಲು, ನಿನ್ನ ಗಂಟಿತನಾನೂ ಹೋಗ್ತದೆ. ಬಾಯಿ ಮುಚ್ಕೊಂಡಿರು. ಮಳೆ ಏನು ಬಂದೇ ಬರ್ತದೆ ಅಂತ ಬರ್ಕೊಟ್ಟಿದ್ಯಾ?"

ಅದೂ ನಿಜವೇ. ಅವಳು ಬಾಯಿ ಮುಚ್ಚಿಕೊಂಡಳು. ಆದರೆ ಅವತ್ತಿನಿಂದ ಮೋಡ ಕಂಡರೆ ಅವಳಿಗೆ ಭಯವಾಗತೊಡಗಿತು. ಕೆರೆ ಕಾಯುವವಳು ಮಳೆ ಬೇಡ ಎಂದು ಗಂಗಮ್ಮನಿಗೆ ಕೈಮುಗಿಯುವುದು ಎಂಥ ಪಾಪ ಎಂದು ಅವಳಿಗೆ ಗೊತ್ತಿತ್ತು. ಆದರೂ ಮುಗಿದಳು. ಪುಷ್ಯ ಒಣಗಿಯೇ ಹೋಯಿತು, ಆಶ್ಲೇಷ ತುಂತುರು ಹಾಕಿತು. ಅಂಗಳದ ಗೋಡಿಗೆ ರಾಗಿ ಸೊಕ್ಕಿ ಬೆಳೆದು ತೆನೆ ಕಟ್ಟಿತು. ಗುಬ್ಬಿಗಳು, ರಾಟವಾಳಗಳು ಹಿಂಡುಹಿಂಡಾಗಿ ಬಂದು ತೆನೆಯ ಮೇಲೆ ಕೂತು ಊರಿನ ಪಾಲಿಗೆ ಮುಂಚೆ ತಮ್ಮ ಪಾಲು ತಿಂದವು. ಇನ್ನೇನು ಎರಡು ವಾರ, ಕುಡುಗೋಲು ಹಾಕುವುದೇ ಎನ್ನುವಾಗ ಮಘೆ ಮಳೆ ಹುಟ್ಟಿತು.

ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ ಎಂದು ಗಾದೆ ಮಾಡಿದವರು ಕೆರೆಯ ಅಂಗಳದಲ್ಲಿ ರಾಗಿ ಬಿತ್ತಿರಲಿಲ್ಲ. ಬಿಟ್ಟೂಬಿಡದೆ ಸುರಿಯಿತು. ಮಾರನೆಯ ಬೆಳಗ್ಗೆ ಕೆರೆಗೆ ನೀರು ತರುವ ರಾಜಕಾಲುವೆ ಕೆಂಪಾಗಿ ನುಗ್ಗಿತು. ಮಧ್ಯಾಹ್ನದ ಹೊತ್ತಿಗೆ ನೀರು ಅಂಗಳದ ತಗ್ಗು ಹಿಡಿದು, ರಾಗಿಯ ಬುಡ ಮುಟ್ಟಿ ಮೇಲೇರುತ್ತಿತ್ತು. ಪಾಪಕ್ಕ ತೂಬಿನ ಕಂಬ ಹಿಡಿದು ನಿಂತಿದ್ದಳು.

ಅವಳ ಕೈ ಗೂಟದ ಮೇಲೆಯೇ ಇತ್ತು. ಎತ್ತಿದರೆ ಬಂದ ನೀರು ಬಂದ ಹಾಗೇ ಹಳ್ಳ ಸೇರುತ್ತದೆ, ರಾಗಿ ಉಳಿಯುತ್ತದೆ. ರಾಗಿ ಉಳಿದರೆ ಅವಳ ಮಾತು ನಿಲ್ಲುತ್ತದೆ, ಮಾತು ನಿಂತರೆ ಗಂಟಿತನ, ಗದ್ದೆ, ತನ್ನ ಒಲೆಯ ಮುಂದೆ ತನ್ನ ಅನ್ನ. ಅಷ್ಟೂ ಒಂದು ಗೂಟದಲ್ಲಿತ್ತು. ಎತ್ತದಿದ್ದರೆ ಕೆರೆ ತುಂಬುತ್ತದೆ, ಊರಿನ ಗದ್ದೆಗಳೆಲ್ಲ ನಾಟಿಯಾಗುತ್ತವೆ, ಅವಳು ನಲ್ಲೂರಿನ ದಾರಿ ಹಿಡಿಯಬೇಕು. ಅವಳಿಗೆ ಅಳು ಬಂತು. ಮಳೆಯಲ್ಲಿ ಅತ್ತರೆ ಯಾರಿಗೆ ಗೊತ್ತಾಗುತ್ತದೆ ಎಂದು ಚೆನ್ನಾಗಿಯೇ ಅತ್ತಳು. ಗೂಟ ಮಾತ್ರ ಎತ್ತಲಿಲ್ಲ.

ಅಷ್ಟರಲ್ಲಿ ಗೋಣಿಕೊಪ್ಪೆ ಹಾಕಿಕೊಂಡು ಅಪ್ಪಯ್ಯಣ್ಣ, ಪಿಳ್ಳಪ್ಪ, ಅಂಗಳದಲ್ಲಿ ಪಾಲಿದ್ದ ಇನ್ನೂ ಕೆಲವರು ಏರಿಯ ಮೇಲೆ ಓಡೋಡಿ ಬಂದರು.

"ಪಾಪಕ್ಕ, ತೂಬು ಎತ್ತು!" ಎಂದು ಪಟೇಲ ಮೇಲಿನಿಂದಲೇ ಕೂಗಿದ. "ನೋಡ್ತಾ ನಿಂತಿದೀಯಲ್ಲ!"

"ಎತ್ತಿದ್ರೆ ಗದ್ದೆಗೆ ನೀರಿಲ್ಲ ಅಪ್ಪಯ್ಯಣ್ಣ."

"ಗದ್ದೆಗೆ ಇನ್ನೊಂದು ಮಳೆ ಬರ್ತದೆ. ಎತ್ತು ಅಂದ್ನಲ್ಲ!"

"ಬರ್ತದೆ ಅಂತ ಯಾರು ಬರ್ಕೊಟ್ಟವ್ರೆ?"

ತನ್ನದೇ ಮಾತು ತನಗೇ ತಿರುಗಿ ಬಂದದ್ದಕ್ಕೆ ಅಪ್ಪಯ್ಯಣ್ಣ ತಬ್ಬಿಬ್ಬಾದ. ತನ್ನ ಪಾಲಿನ ರಾಗಿ ಮುಳುಗುವುದರ ಮುಂದೆ ಒಪ್ಪಂದವೂ ಮರೆತುಹೋಗಿ ಪಿಳ್ಳಪ್ಪ ಮುಂದೆ ಬಂದು ಪಂಚೆ ಎತ್ತಿ ಕಟ್ಟಿದ.

"ಅತ್ತಿಗೆ ಎತ್ತದೆ ಇದ್ರೆ ನಾನು ಎತ್ತುತೀನಿ, ಬಿಡಿ. ಇನ್ನೂ ಮೊಣಕಾಲುದ್ದ ನೀರು."

"ಲೇ, ನಿಲ್ಲೋ!" ಎಂದು ಪಟೇಲ ಅವನ ತೋಳು ಹಿಡಿದ. "ವರ್ಷದ ಮೊದಲ ನೀರಿಗೆ ಗಂಟಿ ಕೈ ಬಿಟ್ಟು ಬೇರೆ ಕೈ ಗೂಟ ಮುಟ್ಟೋ ಹಂಗಿಲ್ಲ. ನಮ್ಮ ತಾತನ ಕಾಲದಲ್ಲಿ ಹಿಂಗೇ ಮಾಡಿ ಏರಿ ಒಡೆದಿತ್ತು."

"ಹಂಗಾದ್ರೆ ಇವಳನ್ನ ತೆಗೆದುಹಾಕಿ, ಈಗ್ಲೇ!"

"ಊರು ಸೇರದೆ ತೆಗೆಯೋಕೆ ಆಗ್ತದೇನೋ?"

ಸರಿ, ಊರು ಸೇರಬೇಕು ಎಂದಾಯಿತು. ಮಳೆಯಲ್ಲಿ ಕಟ್ಟೆಯ ಮೇಲೆ ಕೂರುವಂತಿಲ್ಲ, ದೇವಸ್ಥಾನದ ಪಡಸಾಲೆಯಲ್ಲಿ ಸೇರಿದರು. ಅಂಗಳದಲ್ಲಿ ಪಾಲಿದ್ದವರು ಎತ್ತಬೇಕು ಎಂದರು. ಪಾಲಿಲ್ಲದವರು ಬೇಡ ಎಂದರು. ಎರಡೂ ಇದ್ದವರು ಎರಡನ್ನೂ ಹೇಳಿದರು. ಮುತ್ಯಾಲಮ್ಮ ಕಂಬದ ಮರೆಯಲ್ಲಿ ನಿಂತು, ಕಾಲುವೆಯ ಕೊನೆಯವರ ಗತಿ ಏನು ಎಂದು ಕೂಗುತ್ತಲೇ ಇದ್ದಳು. ಹತ್ತು ಜನ ಸೇರಿದ ಕಡೆ ಹಾವು ಸಾಯುವುದಿಲ್ಲ. ಇವರು ಹಾವು ಎಷ್ಟು ಉದ್ದವಿದೆ ಎಂದು ಮಾತಾಡುತ್ತಿರುವಾಗಲೇ ಕತ್ತಲಾಯಿತು. ಬೆಳಗ್ಗೆ ಎದ್ದು ನೋಡಿದರೆ ರಾಗಿ ಇರಲಿಲ್ಲ. ಅದು ಇದ್ದ ಕಡೆ ನೀರಿನ ಮೇಲೆ ಬೆಳ್ಳಕ್ಕಿಗಳು ತಗ್ಗಾಗಿ ಹಾರುತ್ತಿದ್ದವು. ಆ ವಾರದ ಕೊನೆಗೆ ಕೋಡಿ ಹರಿಯಿತು.

ಕೋಡಿ ಹರಿದ ಮೇಲೆ ಗಂಗಮ್ಮನಿಗೆ ಪೂಜೆ. ಪೂಜೆಗೆ ಸೇರಿದ ಊರೇ ಪಾಪಕ್ಕನ ವಿಚಾರಣೆಗೂ ಸೇರಿತು. ಅವಳು ಕಟ್ಟೆಯ ಕೆಳಗೆ ನಿಂತಳು. ಪಿಳ್ಳಪ್ಪ ಎದ್ದು ಸಲೀಸಾಗಿ ಮಾತಾಡಿದ. ಹಕ್ಕಿ ಮಾತು ಸುಳ್ಳಾಯಿತು, ಊರಿನ ರಾಗಿ ಮುಳುಗಿತು, ಒಪ್ಪಂದ ಎಲ್ಲರೂ ಕೇಳಿದ್ದೇ.

"ನಿಂದೇನು ಹೇಳಮ್ಮ," ಎಂದ ಅಪ್ಪಯ್ಯಣ್ಣ. ಅವನ ಕಣ್ಣು ಮಾತ್ರ ಅವಳನ್ನು ಬಿಟ್ಟು ಕೆರೆಯ ಕಡೆಗಿತ್ತು. ಆರಿದ್ರದಲ್ಲಿ ಅವಳು ತನ್ನ ಜಗಲಿಗೆ ಬಂದದ್ದನ್ನು ಇಲ್ಲಿ ಎತ್ತುತ್ತಾಳೇನೋ ಎಂದು ಅವನಿಗೆ ಪುಕುಪುಕು.

ಪಾಪಕ್ಕ ಅದನ್ನು ಎತ್ತಲಿಲ್ಲ. ಮುತ್ಯಾಲಮ್ಮನ ಹೆಸರನ್ನೂ ತೆಗೆಯಲಿಲ್ಲ.

"ಮೊದ್ಲು ಏರಿ ಮೇಲೇ ಇಟ್ಟಿತ್ತು. ಹೂಳು ಸುರಿದು ನಾವೇ ಓಡಿಸಿದ್ವಿ. ನಾನು ನೋಡ್ಲಿಲ್ಲ, ತಪ್ಪು ನಂದು. ಆದ್ರೆ ಹಕ್ಕೀನ ಸುಳ್ಳು ಅನ್ನಬ್ಯಾಡಿ. ಅದಕ್ಕೆ ಬೇಕಾಗಿದ್ದು ಒಂದು ತಿಂಗಳ ನೆಲ. ನೀರು ಬರೋಕೆ ಮುಂಚೆ ಮರಿ ಮಾಡ್ಕೊಂಡು ಹೋಯ್ತು. ಅದು ಮೂರು ತಿಂಗಳ ರಾಗಿ ವಿಚಾರ ನಮಗೆ ಯಾವತ್ತು ಹೇಳಿತ್ತು?"

ಆದರೆ ಒಪ್ಪಂದ ಒಪ್ಪಂದವೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಪ್ಪಯ್ಯಣ್ಣ ಗಂಟಲು ಸರಿಮಾಡಿಕೊಂಡು, ಗಂಟಿತನ ಪಿಳ್ಳಪ್ಪನಿಗೆ ಎಂದ. ಪಾಪಕ್ಕ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ, ಗಂಟಿಗಳು ಏರಿಯ ಗಿಡ ಸವರುವ ಕುಡುಗೋಲನ್ನು ತೆಗೆದು ಕಟ್ಟೆಯ ಮೇಲೆ ಇಟ್ಟಳು. ಜವರಪ್ಪನದು ಅದು.

"ಹಂಗಾದ್ರೆ ಇಳೀರಿ ಪಿಳ್ಳಪ್ಪ," ಎಂದಳು ಮುತ್ಯಾಲಮ್ಮ ಹಿಂದಿನಿಂದ. "ಪೂಜೆ ಆಯ್ತಲ್ಲ. ಭತ್ತದ ಸಸಿಗೆ ಒಟ್ಲು ಬಿಡೋಕೆ ಇವತ್ತೇ ನೀರು ಬೇಕು. ತೂಬು ಎತ್ತಿ, ಸಾಯಂಕಾಲ ಕೂರಿಸಿ."

ಎಲ್ಲರೂ ತೂಬಿನ ಕಡೆ ನೋಡಿದರು. ಕಲ್ಲುಕಂಬಗಳ ತಲೆ ಮಾತ್ರ ಕಾಣುತ್ತಿತ್ತು. ಒಂದರ ಮೇಲೆ ನೀರುಕಾಗೆ ರೆಕ್ಕೆ ಬಿಚ್ಚಿ ಕೂತಿತ್ತು. ಉಳಿದದ್ದೆಲ್ಲ ಎರಡಾಳು ನೀರು. ಪಿಳ್ಳಪ್ಪ ನೀರನ್ನು ನೋಡಿದ, ಕಂಬವನ್ನು ನೋಡಿದ, ತನ್ನ ಒಣಗಿದ ಪಂಚೆಯನ್ನು ನೋಡಿಕೊಂಡ. ಅವನಿಗೆ ಈಜು ಬರುತ್ತಿರಲಿಲ್ಲ. ಇಷ್ಟು ದಿನ ಇದು ಯಾರ ತಲೆಗೂ ಹೊಳೆದಿರಲಿಲ್ಲ, ಅವನ ತಲೆಗೂ ಸಹ. ಗಂಟಿತನ ಎಂದಾಗಲೆಲ್ಲ ಅವನ ಕಣ್ಣಿಗೆ ಕಟ್ಟೆ, ಎಲೆಅಡಿಕೆ, ಆ ತುಂಡು ಗದ್ದೆ ಕಾಣುತ್ತಿತ್ತೇ ಹೊರತು ಕೆರೆ ಕಾಣುತ್ತಿರಲಿಲ್ಲ.

"ನಂಗೆ ನೆಗಡಿ ಆಗಿದೆ," ಎಂದ.

ಮೊದಲು ನಕ್ಕವರು ಯಾರೋ ಗೊತ್ತಾಗಲಿಲ್ಲ. ಆಮೇಲೆ ಊರೆಲ್ಲ ನಕ್ಕಿತು. ರಾಗಿ ಕಳೆದುಕೊಂಡವರೂ ನಕ್ಕರು. ನಗು ಮುಗಿಯುವುದರೊಳಗೆ ಅಪ್ಪಯ್ಯಣ್ಣ ತನ್ನ ಅಭ್ಯಾಸದ ತೀರ್ಪನ್ನು ಕೊಟ್ಟುಬಿಟ್ಟ. ಹಕ್ಕಿ ಮಾತು, ಕಟ್ಟೆ, ಎಲೆಅಡಿಕೆ ಪಿಳ್ಳಪ್ಪನಿಗೆ. ನೀರು, ತೂಬು, ತೂಬಿನ ಕೆಳಗಿನ ಗದ್ದೆ ಪಾಪಕ್ಕನಿಗೆ. ಪಿಳ್ಳಪ್ಪ ಗದ್ದೆಯ ಮಾತು ಎತ್ತಲು ಬಾಯಿ ತೆರೆದ. ಹಾಗಾದರೆ ಇಳಿ ಎಂದು ನಾಲ್ಕು ಜನ ಅಂದ ಮೇಲೆ ಮುಚ್ಚಿದ. ಪಾಪಕ್ಕ ಕುಡುಗೋಲು ತೆಗೆದುಕೊಂಡಳು. ಮನೆ ಉಳಿಯಿತು ಎಂದು ಎದೆಯ ಭಾರ ಇಳಿಯಿತು. ಜವರಪ್ಪ ಕೂರುತ್ತಿದ್ದ ಕಲ್ಲಿನ ಮೇಲೆ ಇನ್ನು ಪಿಳ್ಳಪ್ಪ ಕೂರುತ್ತಾನೆ ಎಂದು ಸಂಕಟವೂ ಆಯಿತು. ಎರಡನ್ನೂ ಹೊತ್ತುಕೊಂಡೇ ಹೋಗಿ ನೀರಿಗಿಳಿದಳು.

ಮುಂದಿನ ವರ್ಷವೂ ಕೃತ್ತಿಕೆ ಬಂತು. ಪಿಳ್ಳಪ್ಪ ಹೊಸ ರುಮಾಲು ಸುತ್ತಿಕೊಂಡು ಗೂಡು ಹುಡುಕಲು ಹೊರಟ. ತೇನೆ ಹಕ್ಕಿಗಳು ಅವನಿಗೆ ರಾಜಮರ್ಯಾದೆ ಮಾಡಿದವು. ತಲೆಯ ಮೇಲೆ ಹಾರಿ, ಮುಂದೆ ಓಡಿ, ಕಿರುಚಿ, ರೆಕ್ಕೆ ಎಳೆದಾಡಿ, ಏರಿಯ ಉದ್ದಕ್ಕೂ ಕೋಡಿಯ ತನಕ ಕರೆದುಕೊಂಡು ಹೋದವು. ಅಲ್ಲಿ ಅವು ಎಷ್ಟು ಬಡಿದುಕೊಂಡವೆಂದರೆ ಮೊಟ್ಟೆ ಕಣ್ಣಿಗೆ ಬೀಳದಿದ್ದರೂ ಪಿಳ್ಳಪ್ಪನಿಗೆ ಅನುಮಾನ ಉಳಿಯಲಿಲ್ಲ. ಪಾಪಕ್ಕ ತೂಬಿನ ಗುಂಡಿಯ ಬಳಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ಅವಳು ನಿಂತಿದ್ದ ಕಡೆಯಿಂದ ಒಂದು ಕಂಬಳಿ ಹಾಸುವಷ್ಟು ದೂರದಲ್ಲಿ, ಒಣಗಿದ ಅಂಗಳದಲ್ಲಿ, ಎರಡು ಕಲ್ಲುಗಳ ನಡುವೆ ನಾಲ್ಕು ಮೊಟ್ಟೆಗಳಿದ್ದವು.

ಕಟ್ಟೆಯ ಮೇಲೆ ಪಿಳ್ಳಪ್ಪ ಎಲೆ ಮಡಿಸುತ್ತ, "ಏರಿ ಮೇಲೆ, ಕೋಡಿ ಹತ್ರ," ಎಂದ. ಊರು ತಲೆಯಾಡಿಸಿತು. ಆ ತಲೆಯಾಡಿಸುವುದರಲ್ಲಿ ಹಿಂದಿನ ಭಯಭಕ್ತಿ ಇರಲಿಲ್ಲ. ಅಂಗಳದಲ್ಲಿ ಬಿತ್ತುವುದು ಬೇಡ ಎಂದು ಎಲ್ಲರೂ ಮೊದಲೇ ನಿಶ್ಚಯ ಮಾಡಿಕೊಂಡು ಬಂದಿದ್ದರು. ಎಲ್ಲರೂ ಏಳುವಾಗ ಅಪ್ಪಯ್ಯಣ್ಣ ಕೆಳಗೆ ನಿಂತಿದ್ದ ಪಾಪಕ್ಕನ ಕಡೆಗೆ ಬಾಗಿದ.

"ನಿಂಗೇನು ಕಾಣ್ತು ಪಾಪಕ್ಕ?"

"ನಾನು ನೀರಿನೋಳು ಅಪ್ಪಯ್ಯಣ್ಣ. ಹಕ್ಕಿ ಮಾತು ಪಿಳ್ಳಪ್ಪಂದು," ಎಂದಳು.

ಬಿಸಿಲು ನೆತ್ತಿಗೆ ಬಂದಿತ್ತು. ಅವಳು ಏರಿ ಇಳಿದು ತೂಬಿನ ಕಡೆಗೆ ನಡೆದಳು. ನೇರ ದಾರಿ ಬಿಟ್ಟು, ಆ ಎರಡು ಕಲ್ಲುಗಳನ್ನು ದೂರದಿಂದ ಬಳಸಿಕೊಂಡು ಹೋದಳು. ಹಕ್ಕಿ ಆಗತಾನೇ ಗುಂಡಿಯಿಂದ ಹೊಟ್ಟೆ ನೆನೆಸಿಕೊಂಡು ಬಂದು ಕೂತಿತ್ತು. ಅವಳನ್ನು ಒಂದು ಕಣ್ಣಿನಿಂದ ನೋಡಿತು. ದನ ಬಂದರೆ, ನಾಯಿ ಬಂದರೆ, ಪಟೇಲ ಬಂದರೆ, ದಾರಿಹೋಕ ಕೆಮ್ಮಿದರೆ, ಎಲ್ಲರಿಗೂ ಬಾಯಿ ಮಾಡುವ ಆ ಹಕ್ಕಿ ಪಾಪಕ್ಕ ಹಾದುಹೋಗುವ ತನಕ ಕೂತಲ್ಲೇ ಕೂತಿತ್ತು, ಕೂಗಲಿಲ್ಲ.